ಆರು ಟೇಬಲ್ಲುಗಳ ಫ್ರೆಂಚು

ಖಾಲಿ ಕಾಲಂ ಕಂಡರೆ ಸೀನಪ್ಪನಿಗೆ ಆಗುವುದಿಲ್ಲ. ಎಲ್ಲ ಅನಾಹುತಕ್ಕೂ ಅದೇ ಮೂಲ. ಬೀಗ ತಯಾರಿಸುವ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಸ್ಟೋರ್‌ಕೀಪರ್ ಆಗಿರುವ ಮನುಷ್ಯ. ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ತಪಾಸಣೆಗೆ ಬಂದವರು ಅದಕ್ಕೊಂದು ವಿವರಣೆ ಕೇಳುತ್ತಾರೆ, ಆ ವಿವರಣೆಗೊಂದು ಪುರಾವೆ ಕೇಳುತ್ತಾರೆ. ಹಾಗಾಗಿ ಏನಾದರೊಂದು ತುಂಬಿಬಿಡುವುದು ಅವನ ಕೈಗೆ ಅಂಟಿದ ಅಭ್ಯಾಸ. ಹೊಸದಾಗಿ ತೆರೆಯಲಿದ್ದ ವಿದೇಶ ರವಾನೆ ವಿಭಾಗದ ಹುದ್ದೆಗೆ ಅರ್ಜಿ ತುಂಬುವಾಗ 'ತಿಳಿದಿರುವ ಇತರ ಭಾಷೆ' ಎಂಬ ಕಾಲಂ ಖಾಲಿ ಕೂತು ಅವನನ್ನೇ ದಿಟ್ಟಿಸುತ್ತಿತ್ತು. ಎದುರಿಗಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಸೂಚನೆಗಳು ಮೂರು ಭಾಷೆಯಲ್ಲಿ ಅಚ್ಚಾಗಿದ್ದವು. ಅದರಲ್ಲೊಂದು ಫ್ರೆಂಚು. ಸೀನಪ್ಪ ಅದನ್ನೇ ಬರೆದು, ಸಹಿ ಹಾಕಿ, ಕೊಟ್ಟು, ಮರೆತ.

ಸೀನಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಸ್ಟೋರಿನ ಧೂಳಿಗೆ ದಿನಕ್ಕೆ ನೂರು ಸಲ ಸೀನಿ ಸೀನಿ ಸಂಪಾದಿಸಿಕೊಂಡದ್ದು. ಜಾಗ ಬದಲಾಯಿಸದೆ ಯಾವ ಮಾತ್ರೆಯೂ ನಾಟುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ನಿದ್ದೆಯಲ್ಲೂ ಸೀನುವ ಗಂಡನ ಪಕ್ಕದಿಂದ ಹೆಂಡತಿ ಹಾಸಿಗೆ ಎತ್ತಿಕೊಂಡು ನಡುಮನೆಗೆ ಹೋಗಿ ಆರು ತಿಂಗಳಾಗಿತ್ತು. ಹೊಸ ವಿಭಾಗದ ಕೋಣೆ ಮೂರನೇ ಮಹಡಿಯಲ್ಲಿ, ಎರಡು ಕಡೆ ಕಿಟಕಿ. ಸೀನಪ್ಪನಿಗೆ ಬೇಕಾಗಿದ್ದುದು ಹುದ್ದೆಯಲ್ಲ, ಆ ಗಾಳಿ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರರ ಚೀಟಿ ಬಂತು. ಫ್ರೆಂಚ್ ಬಲ್ಲೆನೆಂದು ಬರೆದವನು ಇಡೀ ಕಂಪನಿಯಲ್ಲಿ ಅವನೊಬ್ಬನೇ. ಸಂಜೆ ನಾಲ್ಕಕ್ಕೆ ಫ್ರೆಂಚ್ ಮೇಡಂ ಒಬ್ಬರು ಬರುತ್ತಾರೆ, ಇ-ಆರ್ ಎಂದು ಕೊನೆಯಾಗುವ ಒಂದು ಕ್ರಿಯಾಪದ ಕೊಡುತ್ತಾರೆ, ಅದರ ವರ್ತಮಾನ ಕಾಲದ ಆರು ರೂಪಗಳನ್ನು ಮ್ಯಾನೇಜರರ ಕೋಣೆಯ ಬೋರ್ಡಿನ ಮೇಲೆ ಬರೆಯಬೇಕು. ಬರೆದರೆ ಹುದ್ದೆ. ಬರೆಯದಿದ್ದರೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಮೆಮೋ. ಸೀನಪ್ಪ ಏಳು ಸಲ ಸೀನಿ, ಮೂಗು ಒರೆಸಿಕೊಂಡು, ನಾದಿನಿಗೆ ಫೋನ್ ಮಾಡಿದ.

ನಾದಿನಿ ಕಾಲೇಜಿನಲ್ಲಿ ಫ್ರೆಂಚ್ ಓದಿದವಳು. ಮೊದಲು ಮನಸಾರೆ ನಕ್ಕಳು, ಆಮೇಲೆ ಪಾಠಕ್ಕಿಳಿದಳು.

"ಹೆದರ್ಕೋಬೇಡಿ ಭಾವ, ಇದು ಸಾಧು ಜಾತಿಯ ಕ್ರಿಯಾಪದ, ಹಾಯೋದಿಲ್ಲ. ಕೊನೇಲಿರೋ ಇ-ಆರ್ ಕಿತ್ತಾಕಿ. ಉಳಿದದ್ದಕ್ಕೆ ನಾನು ಅಂದ್ರೆ ಇ ಸೇರಿಸಿ, ನೀನು ಅಂದ್ರೆ ಇ-ಎಸ್, ಅವನು ಅಂದ್ರೆ ಮತ್ತೆ ಇ. ನಾವು ಅಂದ್ರೆ ಓ-ಎನ್-ಎಸ್, ನೀವು ಇ-ಝಡ್, ಅವರು ಇ-ಎನ್-ಟಿ. ಇಷ್ಟೇ."

ಈ ಆರರಲ್ಲಿ ನಾಲ್ಕನ್ನು ಬಾಯಲ್ಲಿ ಹೇಳುವಾಗ ಒಂದೇ ಥರ ಕೇಳಿಸುತ್ತದೆ, ಕೊನೆಯ ಅಕ್ಷರಗಳು ಸದ್ದು ಮಾಡುವುದಿಲ್ಲ ಎಂದೂ ಹೇಳಿದಳು. ಸದ್ದೇ ಮಾಡದ ಅಕ್ಷರವನ್ನು ಕಷ್ಟಪಟ್ಟು ಯಾಕೆ ಬರೆಯಬೇಕೆಂದು ಸೀನಪ್ಪ ಕೇಳಿದ. ಅದನ್ನು ಫ್ರೆಂಚರನ್ನೇ ಕೇಳಿ ಎಂದು ಫೋನಿಟ್ಟಳು.

ಹನ್ನೊಂದೂವರೆಯ ಹೊತ್ತಿಗೆ ಎಲ್ಲ ಕಲಸುಮೇಲೋಗರವಾಗಿತ್ತು. ಆಗ ಕಾಗದದ ಕಟ್ಟು ಒಯ್ಯಲು ಟೈಪಿಸ್ಟ್ ಕೆಳಗಿಳಿದು ಬಂದಳು. ಅವನೂ ಅವಳೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಹಾಗಾಗಿ ಇಬ್ಬರಲ್ಲೂ ಸಲಿಗೆ. ಮೂಲೆಯಲ್ಲಿ ಕೂತು 'ಇ, ಇ-ಎಸ್' ಎಂದು ಮುಲುಗುತ್ತಿದ್ದವನಿಂದ ವಿಷಯವೆಲ್ಲ ಹೊರಡಿಸಿದಳು. ನಾಲ್ಕು ಸಾವಿರ ಸಾಮಾನು ಎಲ್ಲೆಲ್ಲಿದೆಯೆಂದು ಕಣ್ಣುಮುಚ್ಚಿ ಹೇಳುವ ಸೀನಪ್ಪನಿಗೆ ತನ್ನ ಮದುವೆಯ ತಾರೀಕು ನೆನಪಿರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

"ನಿನ್ನ ತಲೇಲಿ ನಿಲ್ಲೋದು ಸಾಮಾನಲ್ಲ ಕಣೋ, ಜಾಗ. ಮ್ಯಾನೇಜರ್ ರೂಮಿನ ಗಾಜಿಂದ ನೋಡಿದ್ರೆ ನಮ್ಮ ಆರು ಟೇಬಲ್ಲೂ ಸಾಲಾಗಿ ಕಾಣುತ್ತೆ. ನಮ್ಮನ್ನೇ ಆರು ಖಾನೆ ಅಂದ್ಕೋ. ಒಂದೊಂದರಲ್ಲಿ ಒಂದೊಂದು ಇಟ್ಬಿಡು."

ಸೀನಪ್ಪನಿಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಮೇಲೆ ಹೋಗಿ ಹಂಚಿಕೆ ಮುಗಿಸಿದರು. 'ನಾನು' ಬಿಟ್ಟು ಬೇರೆ ಮಾತು ಬಾರದ ಕ್ಯಾಷಿಯರ್ ಮೊದಲ ಖಾನೆ, ನಾನು. ಟೈಪಿಸ್ಟ್ ನೀನು. ಯಾವಾಗ ನೋಡಿದರೂ ಕ್ಯಾಂಟೀನಿನಲ್ಲಿದ್ದು, ಎಲ್ಲರೂ ಬೆನ್ನ ಹಿಂದೆ ಆಡಿಕೊಳ್ಳುವ ಬಿಲ್ಲು ಗುಮಾಸ್ತ ಅವನು. ಒಬ್ಬನೇ ಚಹಾ ಕುಡಿದರೂ 'ನಾವು ಚಹಾ ಕುಡಿದ್ವಿ' ಎನ್ನುವ ಸಂಘದ ಕಾರ್ಯದರ್ಶಿ ನಾವು. ಕೂದಲು ನರೆತ ಹೆಡ್ ಕ್ಲಾರ್ಕ್ ನೀವು. ಕೊನೆಯಲ್ಲಿ ಒಂದೇ ಟೇಬಲ್ಲಿಗೆ ಎರಡು ಕಡೆಯಿಂದ ಅಂಟಿಕೊಂಡ ಟಪಾಲು ಗುಮಾಸ್ತರಿಬ್ಬರು ಅವರು. ಒಂದು ಸಲ ಕಣ್ಣಾಡಿಸಿದ. ಎಲ್ಲ ಗಟ್ಟಿಯಾಗಿ ಕೂತಿತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಹೋದ್ಯೋಗಿಗಳು ಅಂದಮೇಲೆ ಬಿಡುತ್ತಾರೆಯೇ? ತನಗೆ ಬರೀ ಒಂದು ಅಕ್ಷರ, ಸಂಘದ ಕಾರ್ಯದರ್ಶಿಗೆ ಮೂರು ಹೇಗೆ ಎಂದು ಕ್ಯಾಷಿಯರ್ ತಗಾದೆ ತೆಗೆದ. ಅದಕ್ಕಿಂತ ಉರಿ ಹತ್ತಿದ್ದು ಬಿಲ್ಲು ಗುಮಾಸ್ತನಿಗೂ ತನಗೂ ಒಂದೇ ಅಕ್ಷರ ಬಂದದ್ದಕ್ಕೆ. ಇಪ್ಪತ್ತೆಂಟು ವರ್ಷ ಸವೆಸಿದ ತನಗಿಂತ ನಿನ್ನೆ ಮೊನ್ನೆ ಬಂದ ಟಪಾಲಿನವರಿಗೆ ಒಂದು ಅಕ್ಷರ ಹೆಚ್ಚು ಎಂದು ಹೆಡ್ ಕ್ಲಾರ್ಕ್ ಊಟದ ಡಬ್ಬಿಯನ್ನೇ ಮುಚ್ಚಿಟ್ಟರು. ಇದು ಫ್ರೆಂಚರ ಹಂಚಿಕೆ, ತನ್ನದಲ್ಲ ಎಂದು ಸೀನಪ್ಪ ಕೈಮುಗಿದ. ಎಲ್ಲರಿಗೂ ಎರಡೆರಡು ಅಕ್ಷರ ಕೊಡಬೇಕೆಂದು ಕಾರ್ಯದರ್ಶಿ ಬೇಡಿಕೆಯ ಪತ್ರ ಬರೆಯಲು ಕೂತ. ಅವರನ್ನೆಲ್ಲ ಸಮಾಧಾನ ಮಾಡುವಷ್ಟರಲ್ಲಿ ಮೂರೂವರೆ ಆಯಿತು. ಅಷ್ಟು ಹೊತ್ತಿಗೆ ಜಗಳ ಹೋಗಿ ಅಭಿಮಾನ ಬಂದಿತ್ತು, ತಂತಮ್ಮ ಅಕ್ಷರವನ್ನು ಎಲ್ಲರೂ ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಆ ದಿನ ಆಫೀಸಿನಲ್ಲಿ ಒಂದು ಕಾಗದ ಕೂಡ ಅಲ್ಲಾಡಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ತೆಳ್ಳನೆಯ ವಯಸ್ಸಾದ ಹೆಂಗಸು, ಕೊರಳಿಗೆ ನೇತುಬಿದ್ದ ಕನ್ನಡಕ. ಬೋರ್ಡಿನ ಮೇಲೆ 'ತ್ರವಾಯೇ' ಎಂಬ ಪದವನ್ನು ಫ್ರೆಂಚಿನಲ್ಲಿ ಬರೆದರು. ಹಾಗೆಂದರೆ ಏನೆಂದು ಮ್ಯಾನೇಜರ್ ಕೇಳಿದರು. ಕೆಲಸ ಮಾಡುವುದು ಎಂದರು ಮೇಡಂ. ಕೆಳಗೆ ನಾನು, ನೀನುಗಳನ್ನೆಲ್ಲ ಫ್ರೆಂಚಿನಲ್ಲಿ ಸಾಲಾಗಿ ಬರೆದು, ಮುಂದೆ ಆರು ಜಾಗ ಖಾಲಿ ಬಿಟ್ಟು, ಸೀಮೆಸುಣ್ಣ ಅವನ ಕೈಗಿತ್ತರು.

ಸೀಮೆಸುಣ್ಣದ ಪುಡಿಗೆ ಸೀನಪ್ಪ ಎರಡು ಸಲ ಸೀನಿದ. ಇ-ಆರ್ ಹೊಡೆದುಹಾಕಿದ. ಆಮೇಲೆ ಧೈರ್ಯವಾಗಿ ಗಾಜಿನ ಕಡೆ ತಿರುಗಿ ನೋಡಿದ.

ಆರು ಟೇಬಲ್ಲೂ ಖಾಲಿ. ಒಂದು ನರಪಿಳ್ಳೆಯೂ ಇಲ್ಲ. ತಮ್ಮ ತಮ್ಮ ಅಕ್ಷರ ಬರುವುದನ್ನು ಕೇಳುವ ಆಸೆಗೆ ಅಷ್ಟೂ ಮಂದಿ ಎದ್ದು ಬಂದು ಮ್ಯಾನೇಜರರ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರು. ಖಾನೆಗಳ ಜೊತೆಗೆ ಸೀನಪ್ಪನ ತಲೆಯೂ ಖಾಲಿಯಾಯಿತು. ಮೇಡಂ ಗಡಿಯಾರ ನೋಡಿಕೊಂಡರು. ಮ್ಯಾನೇಜರ್ ಮೆಮೋ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ನಡುಮನೆಯಲ್ಲಿ ಮಲಗುವ ಹೆಂಡತಿ ನೆನಪಾದಳು, ನಿವೃತ್ತಿಯವರೆಗೆ ಇನ್ನೂ ಕುಡಿಯಬೇಕಾದ ಹದಿನೆಂಟು ವರ್ಷದ ಧೂಳು ನೆನಪಾಯಿತು. ಬಾಗಿಲ ಹಿಂದಿನ ಗುಸುಗುಸು ಕೇಳಿ ನೇರ ಹೋಗಿ ಬಾಗಿಲು ತೆಗೆದ. ಹೆಡ್ ಕ್ಲಾರ್ಕ್ ಮೊದಲು ಒಳಗೆ ಬಿದ್ದರು, ಅವರ ಮೇಲೆ ಮಿಕ್ಕವರು.

"ಎಲ್ರೂ ನಿಮ್ಮ ನಿಮ್ಮ ಸೀಟಿಗೆ ಹೋಗಿ ಕೂತ್ಕೊಳ್ಳಿ. ನಾನು ಹೇಳೋವರೆಗೂ ಒಬ್ರೂ ಏಳಕೂಡದು."

ಹನ್ನೊಂದು ವರ್ಷದಲ್ಲಿ ಯಾರ ಮೇಲೂ ದನಿ ಎತ್ತದವನ ಗಂಟಲಿನಿಂದ ಬಂದ ಆ ಅಬ್ಬರಕ್ಕೆ ಎಲ್ಲರೂ ಬಿದ್ದೆವೋ ಎದ್ದೆವೋ ಎಂದು ಓಡಿದರು. ಬಿಲ್ಲು ಗುಮಾಸ್ತ ಅಭ್ಯಾಸಬಲದಿಂದ ಕ್ಯಾಂಟೀನಿನ ಕಡೆ ತಿರುಗಿದ್ದ, ಅವನನ್ನು ಕಣ್ಣಲ್ಲೇ ಗದರಿಸಿ ಕೂರಿಸಿದ್ದಾಯಿತು. ಆರು ಖಾನೆಗಳೂ ಭರ್ತಿಯಾದವು. ಸೀನಪ್ಪ ಒಂದೊಂದನ್ನೇ ನೋಡುತ್ತ, ಒಂದೊಂದನ್ನೇ ಬರೆದ. ಮೇಡಂ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಎರಡು ಸಲ ನೋಡಿದರು. ಒಂದು ತಪ್ಪೂ ಇರಲಿಲ್ಲ. ಹೊರಗೆ ಕೂತವರು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು.

ಮ್ಯಾನೇಜರ್ ಮಾತ್ರ ಬೋರ್ಡನ್ನು ನೋಡಿಯೇ ಇರಲಿಲ್ಲ. ಗಾಜಿನಾಚೆ ತಮ್ಮ ತಮ್ಮ ಕುರ್ಚಿಯಲ್ಲಿ ಕೂತ ಸಿಬ್ಬಂದಿಯನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಮೇಡಂ ಹೋದ ಮೇಲೆ ಸೀನಪ್ಪನ ಎರಡೂ ಕೈ ಹಿಡಿದುಕೊಂಡರು.

"ನೋಡಿ, ನಿಮಗೆ ಬೆಳಿಗ್ಗೆ ಫ್ರೆಂಚ್ ಬರ್ತಿರಲಿಲ್ಲ ಅಂತ ನಂಗೊತ್ತು. ಈಗ ಬರುತ್ತೆ, ಹಾಗಾಗಿ ಮೆಮೋ ಇಲ್ಲ. ಆರು ಗಂಟೇಲಿ ಕಲಿಯೋ ಭಾಷೆಗೆ ಯಾರನ್ನ ಬೇಕಾದ್ರೂ ಹಾಕಬಹುದು. ಆದ್ರೆ ನಾಲ್ಕು ಗಂಟೆ ಹೊತ್ತಿನಲ್ಲಿ ಇವರನ್ನ ಸೀಟಲ್ಲಿ ಕೂರಿಸೋನು ಹದಿನೈದು ವರ್ಷದಲ್ಲಿ ನಂಗೆ ಸಿಕ್ಕಿರಲಿಲ್ಲ. ನಿಮ್ಮನ್ನ ಕಳಿಸೋ ಮಾತೇ ಇಲ್ಲ. ನಿಮ್ಮ ಸ್ಟೋರು ಮೆಟ್ಟಿಲ ಬುಡದಲ್ಲೇ ಇದೆ, ಯಾರು ಹೊರಗೆ ನುಸುಳಿದ್ರೂ ನಿಮ್ಮೆದುರಿಗೇ ಹೋಗಬೇಕು."

ವಿದೇಶ ವಿಭಾಗಕ್ಕೆ ಯಾರು ಎಂದು ಸೀನಪ್ಪ ಸತ್ತ ದನಿಯಲ್ಲಿ ಕೇಳಿದ. ಬಿಲ್ಲು ಗುಮಾಸ್ತ ಎಂದರು ಮ್ಯಾನೇಜರ್. ಅವನೊಬ್ಬ ಹೋದರೆ ಇಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ, ಫ್ರೆಂಚ್ ಕಲಿಸಲಿಕ್ಕೆ ಹೇಗೂ ನೀವಿದ್ದೀರಿ ಎಂದರು.

ಕರೆಸಿದಾಗ ಬಿಲ್ಲು ಗುಮಾಸ್ತ ಕಣ್ಣಲ್ಲಿ ನೀರು ತಂದುಕೊಂಡು ಸೀನಪ್ಪನ ಹೆಗಲು ಹಿಡಿದ.

"ಪಾಠ ನಿಮ್ಮ ಸ್ಟೋರಲ್ಲೇ ಇಟ್ಕೊಳ್ಳೋಣ ಅಣ್ಣ, ದಿನಾ ಸಾಯಂಕಾಲ. ನನ್ನ ಹೊಸ ರೂಮಲ್ಲಿ ಎರಡು ಕಡೆ ಕಿಟಕಿ, ಗಾಳಿ ಬೆಳಕು ಜಾಸ್ತಿಯಾದ್ರೆ ನಂಗೆ ಓದು ತಲೆಗೆ ಹತ್ತಲ್ಲ."

ಮ್ಯಾನೇಜರರಿಗೆ ಈ ಸಲಹೆ ಬಹಳ ಹಿಡಿಸಿತು. ನಾಳೆಯಿಂದ ಸಂಜೆ ಏಳರವರೆಗೂ ಸ್ಟೋರು ತೆರೆದಿರತಕ್ಕದ್ದು ಎಂದು ಅಲ್ಲೇ ಬರೆದು ಸಹಿ ಹಾಕಿದರು.