ಚೊಕ್ಕ ಮಾಡಿದ ಸ್ಯಾಂಪಲ್ಲು

ನಾನು ಓದಿದ್ದು ಮೂರನೇ ಇಯತ್ತೆ. ಆದರೆ ವೀಳ್ಯದೆಲೆಯ ವಿಷಯದಲ್ಲಿ ನನಗೆ ಪಾಠ ಹೇಳುವವನು ಭಟ್ಕಳದಿಂದ ಕುಮಟೆಯವರೆಗೆ ಹುಟ್ಟಿಲ್ಲ ಎಂದೇ ನಂಬಿದ್ದೆ. ಹಾಗಾಗಿ ಆ ಮಳೆಗಾಲದಲ್ಲಿ ನನ್ನ ಎಲೆಬಳ್ಳಿಗೇ ರೋಗ ಬಂದಾಗ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಎಲೆ ತುಂಬ ಎಣ್ಣೆ ಸಿಡಿದಂಥ ಚುಕ್ಕಿ, ಸುತ್ತ ಹಳದಿ ಬಳೆ! ಎಲೆ ಒಯ್ಯುವ ಭಟ್ಕಳದ ವ್ಯಾಪಾರಿ, "ಹೀಗೇ ಬಂದ್ರೆ ನಿಮ್ಮ ಎಲೆ ನಂಗೆ ಬ್ಯಾಡ" ಅಂದುಬಿಟ್ಟ. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ತೋಟದಿಂದ.

ಅಷ್ಟರಲ್ಲಿ ಗಿಡಮರಗಳ ಬ್ಯಾಕ್ಟೀರಿಯಾ ರೋಗದ ಸಂಶೋಧನೆ ಮಾಡುವ ಡಾಕ್ಟರೊಬ್ಬರು ಕುಮಟೆಯ ಕಚೇರಿಗೆ ಬರುತ್ತಾರೆಂದು ಸುದ್ದಿ ಬಂತು. ಸ್ಯಾಂಪಲ್ಲು ಒಯ್ದರೆ ಔಷಧ ಹೇಳುತ್ತಾರಂತೆ. ಬುಟ್ಟಿ ತುಂಬ ಎಲೆ ಕೊಯ್ದು ಜಗಲಿಯಲ್ಲಿ ಕೂತೆ. ಕೈ ತನ್ನ ಕೆಲಸ ಶುರುಮಾಡಿತು. ಚುಕ್ಕಿ ಇದ್ದದ್ದು ಆ ಕಡೆ, ಚೊಕ್ಕ ಇದ್ದದ್ದು ಈ ಕಡೆ. ಅಂಚಿನಲ್ಲಿ ಕಲೆ ಕಂಡರೆ ಕತ್ತರಿ! ತೊಳೆದು, ಒರೆಸಿ, ಬಾಳೆಪಟ್ಟೆಯಲ್ಲಿ ಕಟ್ಟಿದೆ.

ಹೆಂಡತಿ ಮಾದೇವಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಂತ, ರೋಗ ತೋರ್ಸೂಕೆ ಹೊಂಟದ್ದೋ, ಹೆಣ್ಣು ಕೇಳೂಕೋ?"

"ಓದಿದವ್ರ ಮುಂದೆ ಕೊಳೆತ ಎಲೆ ಇಟ್ರೆ ನನ್ನ ಮರ್ಯಾದೆ ಎಂತ ಆಗೂದು?"

"ಆತು. ಮರ್ಯಾದೆಗೇ ಔಷಧ ಹೊಡ್ಸ್ಕಂಡು ಬನ್ನಿ!"

ಹೊನ್ನಾವರದ ಹೊಳೆಗೆ ಆಗ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ದಾಟಿ, ಬಸ್ಸು ಹಿಡಿದು ಕುಮಟೆ ತಲುಪಿದೆ. ಡಾಕ್ಟರು ಒಳಗೆ ಮೀಟಿಂಗಿನಲ್ಲಿದ್ದರು. ಕಚೇರಿಯ ಜವಾನ ನನ್ನ ಕಟ್ಟು ಬಿಚ್ಚಿ ನೋಡಿದ. "ಆಹಾ, ಎಂತಾ ಎಲೆ ಮಾರಾಯ್ರೆ!" ಎಂದು ಎರಡು ಎಳೆದೇಬಿಟ್ಟ. ಕೇಳಿದವರಿಗೆ ಎಲೆ ಇಲ್ಲ ಎನ್ನುವುದು ನಮ್ಮ ಮನೆತನದಲ್ಲೇ ಇಲ್ಲ. ಗುಮಾಸ್ತರು ಬಂದರು. ಸುಣ್ಣ, ಅಡಿಕೆ, ತಂಬಾಕು ಎಲ್ಲಿಂದಲೋ ಉದ್ಭವಿಸಿದವು. ಹೊಗಳಿಕೆಗೆ ಉಬ್ಬಿ ನಾನೇ ಕರೆಕರೆದು ಹಂಚಿದೆ!

ಡಾಕ್ಟರು ಹೊರಗೆ ಬಂದು, "ಸ್ಯಾಂಪಲ್ ಎಲ್ಲಿ?" ಎಂದರು. ಇಡೀ ಕಚೇರಿಯ ಕೆನ್ನೆ ಉಬ್ಬಿತ್ತು. ಬಾಯಿ ತೆರೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ತಳದಲ್ಲಿ ಒಂದು ಎಲೆ ಉಳಿದಿತ್ತು. ಅವರು ಅದನ್ನು ಬೆಳಕಿಗೆ ಹಿಡಿದರು, ಭೂತಗನ್ನಡಿ ಇಟ್ಟು ನೋಡಿದರು. "ಇದಕ್ಕೆ ಯಾವ ರೋಗವೂ ಇಲ್ಲವಲ್ಲ?"

"ಇಲ್ಲ ಸಾಹೇಬ್ರೆ. ರೋಗದ್ದನ್ನೆಲ್ಲ ಮನೇಲೇ ಆರ್ಸಿ ತೆಗ್ದೆ."

ಡಾಕ್ಟರು ಕನ್ನಡಕ ತೆಗೆದರು. ನನ್ನನ್ನು ಬರಿಗಣ್ಣಿನಿಂದ ನೋಡಬೇಕೆನಿಸಿರಬೇಕು.

ಪುಣ್ಯಾತ್ಮರು, ಲಾಂಚು ಹತ್ತಿ ತಾವೇ ನನ್ನ ಜೊತೆ ಬಂದರು. ಮಾದೇವಿ ಚುಕ್ಕಿಯ ಎಲೆಗಳನ್ನು ಮುಂದೆ ಸುರಿದದ್ದೇ ಅವರ ಮುಖ ಅರಳಿತು. "ಇಷ್ಟು ಸ್ಪಷ್ಟವಾದ ರೋಗಲಕ್ಷಣ ಎಲ್ಲೂ ಸಿಕ್ಕಿರಲಿಲ್ಲ!"

"ನಮ್ಮ ತೋಟದ್ದು ಎಂತದೂ ಎರಡನೇ ನಂಬರ್ ಇರೂದಿಲ್ಲ ಸಾಹೇಬ್ರೆ" ಎಂದೆ, ಎದೆಯುಬ್ಬಿಸಿ.

"ಎಲೆ ಒದ್ದೆ ಇರುವಾಗ ಯಾರಾದರೂ ತೋಟದಲ್ಲಿ ಓಡಾಡುತ್ತಾರಾ?"

"ಬೇರೆ ಯಾರಿಗೂ ಬಿಡೂದಿಲ್ಲ! ನಾನೊಬ್ನೇ. ಮಳೆ ಇರ್ಲಿ, ಇಬ್ಬನಿ ಇರ್ಲಿ, ಬೆಳಕು ಹರಿಯೂಕೆ ಮುಂಚೆ ಒಂದೊಂದು ಬಳ್ಳಿಗೂ ಕೈಯಾಡ್ಸ್ತೆ."

"ಈ ಬ್ಯಾಕ್ಟೀರಿಯಾ ಒದ್ದೆ ಕೈಯಲ್ಲೇ ಬಳ್ಳಿಯಿಂದ ಬಳ್ಳಿಗೆ ಹೋಗುವುದು. ಅಂದರೆ ರೋಗ ಹಂಚುತ್ತಿರುವವರು ನೀವೇ!"

ರೋಗದ ಎಲೆ ಸುಡಬೇಕು, ಮೈಲುತುತ್ತ, ಸುಣ್ಣ ಕಲಸಿದ ನೀರು ಹೊಡೆಯಬೇಕು ಎಂದು ನನಗೆ ಹೇಳಿದರು. "ಎಲೆಯ ಮೇಲಿನ ಒದ್ದೆ ಆರುವವರೆಗೆ ಇವರನ್ನು ಒಳಗೆ ಬಿಡಬೇಡಿ" ಎಂದು ಮಾದೇವಿಗೆ ಹೇಳಿದರು. ಮರುದಿನದಿಂದ ಅವಳು ಬೇಲಿಯ ಬಾಗಿಲಲ್ಲೇ ಪಹರೆ! ಜಗಲಿಯಲ್ಲಿ ಕೂತ ನನ್ನನ್ನು ಕಂಡು ದಾರಿಹೋಕರು, "ಎಂತ, ಆರಾಮಿಲ್ವಾ?" ಎಂದರೆ ಉತ್ತರ ಅವಳದ್ದೇ. "ಅವ್ರಿಗೆ ಎಂತ ಆಗ್ಲಿಲ್ಲ. ಬಳ್ಳಿಗೇ ಅವ್ರಿಂದ ಆರಾಮಿಲ್ಲ!"

ಮಳೆ ಬಿಡುವ ಹೊತ್ತಿಗೆ ಹೊಸ ಎಲೆ ಚೊಕ್ಕವಾಗಿ ಬಂತು. ವ್ಯಾಪಾರಿ ಎಲೆ ಸವರಿ ನೋಡಿ, "ಈ ಸಲ ಭಾರೀ ದುಡಿದ್ರಿ ಕಾಣ್ತದೆ" ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಒಳಗಿನಿಂದ ಮಾದೇವಿ ಕೆಮ್ಮಿದಳು.

ಕೆಮ್ಮಲಿ ಬಿಡಿ. ಅಷ್ಟು ಕಾಲ ಸುಮ್ಮನೆ ಕೂತದ್ದಕ್ಕಿಂತ ಕಷ್ಟದ ದುಡಿಮೆ ನಾನು ಜನ್ಮದಲ್ಲಿ ಮಾಡಿದ್ದಿಲ್ಲ!