ಟಿ.ವಿ. ಚಿತ್ರ ಕುಗ್ಗಿಸಲು ಹೋಗಿ ನಾನೇ ಕುಗ್ಗಿದ್ದು

ಟೆಲಿವಿಜನ್ ಚಿತ್ರವನ್ನು ಕುಗ್ಗಿಸಿ ಕಳಿಸುವ ಉಪಾಯವೊಂದನ್ನು ನಾನು ಆಡಕಿಯಲ್ಲಿ ಕುಳಿತು ಕಂಡುಹಿಡಿದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಯಾರೂ ನಂಬಲಿಲ್ಲ. ನಾನೊಬ್ಬ ಮಾತ್ರ ನಂಬಿದ್ದೆ. ತೊಂದರೆ ಶುರುವಾದದ್ದೇ ಅಲ್ಲಿಂದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸೇಡಂ ತಾಲ್ಲೂಕಿನ ಆಡಕಿಯ ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ಸರ್ಕಾರದವರು ಊರಿಗೊಂದು ಟಿ.ವಿ. ಕೊಟ್ಟಿದ್ದರು. ಅದು ಶಾಲೆಯ ದೊಡ್ಡ ಕೋಣೆಯಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಳಗೆ ಇರುತ್ತಿತ್ತು. ವಿಜ್ಞಾನ ಬಲ್ಲವನು ಊರಲ್ಲಿ ನಾನೊಬ್ಬನೇ ಎಂದು ತಿಳಿದು ಪೆಟ್ಟಿಗೆಯ ಬೀಗದ ಕೈಯನ್ನು ನನಗೆ ಒಪ್ಪಿಸಿದ್ದರು. ಟಿ.ವಿ.ಯ ಬೆನ್ನಿಗೆ ಕೆಂಪು ಅಕ್ಷರದ ಚೀಟಿ ಅಂಟಿಸಿದ್ದರು. ಇಲಾಖೆಯ ಇಂಜಿನಿಯರ್ ಹೊರತು ಯಾರೂ ಹಿಂಬದಿ ಬಿಚ್ಚಕೂಡದು ಎಂದು ಅದರಲ್ಲಿತ್ತು. ಒಂದು ವರ್ಷ ಆ ಚೀಟಿಗೆ ನಾನು ಮರ್ಯಾದೆ ಕೊಟ್ಟೆ.

ಒಂದು ಸಂಜೆ ರೈತರ ಕಾರ್ಯಕ್ರಮ ನಡೆದಿತ್ತು. ಒಬ್ಬರು ಕುರ್ಚಿಯಲ್ಲಿ ಕುಳಿತು ತೊಗರಿಯ ಹುಳದ ಬಗ್ಗೆ ಅರ್ಧ ಗಂಟೆ ಹೇಳಿದರು. ಅವರ ತುಟಿ ಬಿಟ್ಟರೆ ಆ ಚಿತ್ರದಲ್ಲಿ ಏನೂ ಅಲುಗಲಿಲ್ಲ. ಹಿಂದಿನ ಗೋಡೆ ಹಾಗೇ ಇತ್ತು, ಮೇಜಿನ ಮೇಲಿನ ಹೂದಾನಿಯೂ ಹಾಗೇ ಇತ್ತು. ಆದರೂ ಒಂದು ಸೆಕೆಂಡಿಗೆ ಇಪ್ಪತ್ತೈದು ಸಲ ಅದೇ ಗೋಡೆಯನ್ನು, ಅದೇ ಹೂದಾನಿಯನ್ನು ಗುಲಬರ್ಗಾದಿಂದ ಆಡಕಿಯವರೆಗೆ ಮತ್ತೆ ಮತ್ತೆ ಹೊತ್ತು ತರುತ್ತಿದ್ದಾರಲ್ಲ! ಬದಲಾದ ತುಟಿಯನ್ನಷ್ಟೇ ಕಳಿಸಿದರೆ ಸಾಲದೇ? ಗೋಡೆ ಹೇಗೂ ನಮ್ಮ ಹತ್ತಿರ ಬಂದಿದೆ. ಅದನ್ನು ನಮ್ಮ ಟಿ.ವಿ.ಯೇ ನೆನಪಿಟ್ಟುಕೊಂಡರೆ ಆಯಿತು. ಆಗ ಒಂದು ಗಾಡಿ ಹೋಗುವ ದಾರಿಯಲ್ಲಿ ನಾಲ್ಕು ಗಾಡಿ ಹೋಗಬಹುದು.

ಮನೆಗೆ ಬಂದವನೇ ಹೆಂಡತಿ ಶಾಂತಾಬಾಯಿಗೆ ಇದನ್ನು ವಿವರಿಸಿದೆ. ಕುರಕುಂಟಾದಲ್ಲಿರುವ ನಿನ್ನ ತಾಯಿಗೆ ಪತ್ರ ಬರೆಯುವಾಗ ಮನೆಗೆ ನಾಲ್ಕು ಗೋಡೆ ಇವೆ ಎಂದು ಪ್ರತಿ ಸಲ ಬರೆಯುತ್ತೀಯಾ, ಹೊಸ ಸುದ್ದಿಯನ್ನಷ್ಟೇ ಬರೆಯುತ್ತೀ ತಾನೇ ಎಂದೆ.

ಅವಳು ರೊಟ್ಟಿ ಬಡಿಯುತ್ತ ಕೇಳಿದಳು: “ನಡುವ ಒಂದ್ ಪತ್ರಾ ಕಳದ್ರ?”

“ಕಳದ್ರ ಏನು?”

“ನಮ್ಮವ್ವ ಹಳೇದೇ ಖರೇ ಅಂತ ತಿಳಕೊಂಡು ಕುಂದರ್ತಾಳ. ಅದಕ್ಕ ಆಗಾಗ ಒಮ್ಮೆ ಖುದ್ದು ಹೋಗಿ ಎಲ್ಲಾ ಮೊದಲಿಂದ ಹೇಳಿ ಬರ್ಬೇಕು.”

ಅವಳು ಕೇಳಿದ್ದು ತವರಿಗೆ ಹೋಗಲು ಅನುಮತಿ. ನಾನು ಅದನ್ನು ತಾಂತ್ರಿಕ ಸಲಹೆ ಎಂದು ತಿಳಿದು ವಹಿಯಲ್ಲಿ ಬರೆದುಕೊಂಡೆ. ಆಗಾಗ ಒಮ್ಮೆ ಪೂರ್ತಿ ಚಿತ್ರ ಕಳಿಸತಕ್ಕದ್ದು, ಅದರಿಂದ ನಡುವಿನ ತಪ್ಪುಗಳು ತಿದ್ದಲ್ಪಡುವವು. ಅವಳು ತವರಿಗೆ ಹೋಗಲಿಲ್ಲ.

ಇನ್ನು ಟಿ.ವಿ.ಯ ಒಳಗೆ ಚಿತ್ರ ನೆನಪಿಡುವ ಜಾಗ ಎಲ್ಲಿದೆ ಎಂದು ನೋಡಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಕದ ಹಾಕಿಕೊಂಡು, ಕೆಂಪು ಚೀಟಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಹಿಂಬದಿ ಬಿಚ್ಚಿದೆ. ಒಳಗೆ ನೋಡಿದರೆ ನಾನು ಪಾಠ ಮಾಡುವ ವಿಜ್ಞಾನಕ್ಕೂ ಅಲ್ಲಿರುವ ವಿಜ್ಞಾನಕ್ಕೂ ಪರಿಚಯವೇ ಇದ್ದಂತಿರಲಿಲ್ಲ. ಸುಮ್ಮನೆ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ತಿರುಗುವಂತೆ ಕಂಡದ್ದನ್ನು ಸ್ವಲ್ಪ ತಿರುಗಿಸಿದೆ. ಮತ್ತೆ ಮುಚ್ಚಿದಾಗ ಒಂದು ಸ್ಕ್ರೂ ಕೈಯಲ್ಲೇ ಉಳಿದಿತ್ತು.

ಆ ಸಂಜೆ ಟಿ.ವಿ. ಹಚ್ಚಿದರೆ ಚಿತ್ರ ಎರಡೂ ಕಡೆಯಿಂದ ಒತ್ತಿಕೊಂಡು ಸಣ್ಣದಾಗಿತ್ತು. ವಾರ್ತೆ ಓದುವ ಹೆಣ್ಣುಮಗಳ ದುಂಡು ಮುಖ ಸೌತೆಕಾಯಿಯಂತಾಗಿತ್ತು. ಊರವರು ಮಾತ್ರ ನನ್ನ ಮೇಲೆ ಅನುಮಾನ ಪಡಲಿಲ್ಲ. ಪಾಪ, ಆಕೆಗೆ ಮೈಗೆ ಹುಷಾರಿಲ್ಲ, ಭಾಳ ಸೊರಗಿದ್ದಾಳೆ ಎಂದು ಹೆಂಗಸರು ಮರುಗಿದರು. ಎರಡು ದಿನ ಹೆದರಿ, ಮೂರನೆಯ ದಿನ ನಾನು ಧೈರ್ಯ ತಂದುಕೊಂಡೆ. ಏನೇ ಆಗಲಿ, ಚಿತ್ರ ಕುಗ್ಗಿತ್ತು! ಇದೂ ಒಂದು ಪುರಾವೆಯೇ.

ಈ ಶೋಧ ನನ್ನದೇ ಎಂದು ಸರ್ಕಾರದಿಂದ ಹಕ್ಕು ಪಡೆಯುವ ಪೇಟೆಂಟ್ ಅರ್ಜಿ ಇಂಗ್ಲಿಷಿನಲ್ಲಿ ಹೋಗಬೇಕಿತ್ತು. ಸೇಡಂ ತಹಶೀಲ್ ಕಚೇರಿಯ ಎದುರು ಗನಿಸಾಬ್ ಎಂಬ ಟೈಪಿಸ್ಟ್ ಇದ್ದರು. ಇಪ್ಪತ್ತು ವರ್ಷ ಹೊಲ, ಮನೆ, ಆಸ್ತಿ ಪಾಲಿನ ವಾಟ್ನಿಗಳ ಅರ್ಜಿ ಹೊಡೆದವರು. ನನ್ನ ಶೋಧವನ್ನು ಪೂರ್ತಿ ಕೇಳಿ, ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ವಿಚಾರಿಸಿದರು. ಪೇಟೆಂಟಿನಲ್ಲಿ ಹಕ್ಕಿನ ಮಾತಿಗೆ ‘ಕ್ಲೇಮು’ ಎನ್ನುತ್ತಾರೆ, ನನ್ನದು ಎರಡು ಕ್ಲೇಮು ಎಂದೆ.

ಗನಿಸಾಬ್ ಮಷೀನಿನಿಂದ ಕೈ ತೆಗೆದರು. “ಎರಡ ಸಾಕಾಗಂಗಿಲ್ಲ ಮಾಸ್ತರ್. ಬರಸೂವಾಗ ಅಗಲ ಬರಸ್ಬೇಕು. ಕಡಿಮಿ ಮಾಡೂದು ಸರ್ಕಾರದ ಕೆಲಸ, ನಮ್ದಲ್ಲ.”

ಮಾತು ನ್ಯಾಯವಾಗಿ ಕಂಡಿತು. ಪರೀಕ್ಷೆಯಲ್ಲಿಯೂ ಹೆಚ್ಚು ಪುಟ ಬರೆದವನಿಗೇ ನಾವು ಹೆಚ್ಚು ಅಂಕ ಕೊಡುತ್ತೇವೆ. ಇಬ್ಬರೂ ಕೂಡಿ ಹನ್ನೊಂದು ಕ್ಲೇಮು ಮಾಡಿದೆವು. ಮೊದಲನೆಯದನ್ನೇ ಹಿಂದುಮುಂದು ಮಾಡಿ ನಾಲ್ಕನೆಯದು, ಅದನ್ನೇ ಉದ್ದ ಮಾಡಿ ಒಂಬತ್ತನೆಯದು. ಮೂರನೆಯದರಲ್ಲಿ ‘ಯಾವುದೇ ಚಿತ್ರವನ್ನು ಯಾವುದೇ ರೀತಿಯಿಂದ ಚಿಕ್ಕದು ಮಾಡುವ ಎಲ್ಲ ವಿಧಾನಗಳೂ’ ನನ್ನವೇ ಎಂದು ಬರೆದೆವು. ಶಾಂತಾಬಾಯಿಯ ಮಾತು ಆರನೆಯದಾಗಿ ಸೇರಿತು. ಕೊನೆಗೆ, ಆಡಕಿ ಶಾಲೆಯ ಸರ್ಕಾರಿ ಟಿ.ವಿ.ಯ ಹಿಂಬದಿಯನ್ನು ನಾನೇ ಖುದ್ದಾಗಿ ಬಿಚ್ಚಿ ಚಿತ್ರ ಕುಗ್ಗಿಸಿ ತೋರಿಸಿದ್ದೇನೆ ಎಂದು ಬರೆಸಿ, ಕೆಳಗೆ ಸಹಿ ಹಾಕಿ, ಹುದ್ದೆ ಸಮೇತ ಮದ್ರಾಸಿನ ಪೇಟೆಂಟ್ ಕಚೇರಿಗೆ ಕಳಿಸಿದೆ. ತನ್ನ ತಪ್ಪೊಪ್ಪಿಗೆಯನ್ನು ತಾನೇ ಟೈಪ್ ಮಾಡಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಸರ್ಕಾರಿ ನೌಕರ ಈ ರಾಜ್ಯದಲ್ಲಿ ಬಹುಶಃ ಮತ್ತೊಬ್ಬನಿಲ್ಲ.

ಬಹಳ ದಿನ ಸುದ್ದಿಯೇ ಇರಲಿಲ್ಲ. ನಾನೂ ಹೆಚ್ಚುಕಡಿಮೆ ಮರೆತಿದ್ದೆ. ಆಮೇಲೆ ಒಂದು ದಿನ ಅಂಚೆಯವನು ಕಂದು ಬಣ್ಣದ ಲಕೋಟೆ ತಂದು ಸಹಿ ಮಾಡಿಸಿಕೊಂಡ. ಒಳಗೆ ನಾಲ್ಕು ಪುಟ ಇಂಗ್ಲಿಷು. ಎಕ್ಸಾಮಿನರ್, ಅಂದರೆ ಪರೀಕ್ಷಕರು, ನನ್ನ ಕ್ಲೇಮುಗಳಿಗೆ ಆಕ್ಷೇಪಣೆ ಎತ್ತಿದ್ದರು. ಮೊದಲ ಪುಟದಲ್ಲೇ ‘ಆಂಟಿಸಿಪೇಟೆಡ್’ ಎಂಬ ಶಬ್ದವಿತ್ತು. ನಿಘಂಟು ತೆಗೆದು ನೋಡಿದೆ. ‘ಮೊದಲೇ ನಿರೀಕ್ಷಿಸಲಾಗಿದೆ’ ಎಂದಿತ್ತು. ನಾನು ಹೀಗೆ ಮಾಡುವವನೇ ಎಂದು ಮದ್ರಾಸಿನವರು ಮೊದಲೇ ನಿರೀಕ್ಷಿಸಿದ್ದರು! ಮುಂದೆ ಓದುವ ಧೈರ್ಯವಾಗಲಿಲ್ಲ. ಪತ್ರ ಹಿಡಿದು ಬಸ್ ಹತ್ತಿ ಸೇಡಂಗೆ ಹೋದೆ.

ಗನಿಸಾಬ್ ಎರಡನೆಯ ಪುಟದಲ್ಲಿ ‘ಓವರ್‌ಲ್ಯಾಪ್’ ಎಂಬಲ್ಲಿ ಬೆರಳಿಟ್ಟರು. ಅವರ ಮುಖ ಗಂಭೀರವಾಯಿತು. ಒಂದರ ಮೇಲೆ ಇನ್ನೊಂದು ಬಂದಿದೆ ಎಂದರೆ ಒತ್ತುವರಿ, ಬೇರೆಯವರ ಜಾಗದಲ್ಲಿ ನೀವು ಬೇಲಿ ಹಾಕಿದ್ದೀರಿ ಎಂದು ಅರ್ಥ ಹೇಳಿದರು. ಯಾರ ಜಾಗ ಎಂದು ಕೇಳಿದೆ. ಯಾರೋ ಪರದೇಶದವರದು ಎಂದರು.

“ಮುಂದೇನಾಗ್ತದ, ಗನಿಸಾಬ್?”

“ಒತ್ತುವರಿ ಕೇಸಿನಾಗ ಮೊದ್ಲು ನೋಟೀಸ್ ಬರ್ತದ. ಆಮ್ಯಾಲ ಜೀಪ್ ಬರ್ತದ.”

ಆ ದಿನದಿಂದ ನನಗೆ ಊಟ ಸೇರಲಿಲ್ಲ. ರಸ್ತೆಯಲ್ಲಿ ಲಾರಿ ಹೋದರೂ ಪಾಠ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಒಮ್ಮೆ ಹಿಟ್ಟಿನ ಗಿರಣಿ ಶುರುವಾದ ಸದ್ದು ಕೇಳಿ ಪ್ರಯೋಗಾಲಯದ ಕಪಾಟಿನ ಹಿಂದೆ ಹೋಗಿ ನಿಂತಿದ್ದೆ. ಅಲ್ಲಿ ಮೊದಲೇ ನಿಂತಿದ್ದ ಅಸ್ಥಿಪಂಜರದ ಮಾದರಿಗೂ ನನಗೂ ಆಗ ಹೆಚ್ಚು ವ್ಯತ್ಯಾಸವಿರಲಿಲ್ಲ. ನೌಕರಿ ಹೋದರೆ ಏನು ಮಾಡುವುದು? ಪರದೇಶದವರ ಆಸ್ತಿ ಕದ್ದ ಮಾಸ್ತರ ಎಂದು ಊರು ಆಡಿಕೊಂಡರೆ ಹೆಂಡತಿ ನೀರು ತರಲು ಬಾವಿಗೆ ಹೇಗೆ ಹೋಗುತ್ತಾಳೆ? ಉಳಿದ ಆ ಸ್ಕ್ರೂವನ್ನು ಎಲ್ಲಿಟ್ಟರೂ ಸಿಕ್ಕಿಬೀಳುವ ಭಯ. ಕೊನೆಗೆ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ.

ನಾನೇ ಮದ್ರಾಸಿಗೆ ಹೋಗಿ ಕಾಲು ಹಿಡಿಯುವುದು ವಾಸಿ ಎನಿಸಿತು. ರಜೆ ಹಾಕಿ, ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ವಾಡಿ ಜಂಕ್ಷನ್ನಿಗೆ ಹೋದೆ. ಟಿಕೇಟೂ ತೆಗೆಸಿದೆ. ಗಾಡಿ ಬಂತು. ನನ್ನ ಎದುರಿಗೆ ನಿಂತ ಡಬ್ಬಿಯಿಂದ ಇಬ್ಬರು ಪೊಲೀಸರು ಇಳಿದು, ಕೈಗೆ ಬೇಡಿ ಹಾಕಿದ್ದ ಒಬ್ಬನನ್ನು ಇಳಿಸಿದರು. ಅವನು ಬಿಳಿ ಅಂಗಿ ತೊಟ್ಟಿದ್ದ, ಕನ್ನಡಕ ಹಾಕಿದ್ದ. ನೋಡಿದರೆ ಮಾಸ್ತರನ ಹಾಗೇ ಕಾಣುತ್ತಿದ್ದ! ನಾನು ಹತ್ತಲಿಲ್ಲ. ಗಾಡಿ ಹೋಯಿತು. ಬೆಂಚಿನ ಮೇಲೆ ಕುಳಿತು ಬುತ್ತಿ ತಿಂದು ಮನೆಗೆ ಬಂದೆ. ಮದ್ರಾಸ್ ಇಷ್ಟು ಹತ್ತಿರವೆಂದು ತನಗೆ ಗೊತ್ತಿರಲಿಲ್ಲ ಎಂದಳು ಶಾಂತಾಬಾಯಿ.

ಮರುದಿನವೇ ಗನಿಸಾಬರ ಹತ್ತಿರ ಹೋಗಿ, ಎಲ್ಲವನ್ನೂ ಬಿಟ್ಟುಕೊಡುತ್ತೇನೆ, ಬರೆಯಿರಿ ಎಂದೆ. ಅವರಿಗೆ ಇದು ಕೈಗೆ ಕುಳಿತ ಕೆಲಸ. ಸದರಿ ಹನ್ನೊಂದೂ ಕ್ಲೇಮುಗಳ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಇಂದಿನಿಂದ ಯಾವ ಹಕ್ಕೂ ಇಲ್ಲ, ಯಾರ ಒತ್ತಾಯವೂ ಇಲ್ಲದೆ ಖುಷಿಯಿಂದ ಬಿಟ್ಟಿದ್ದೇನೆ, ಮುಂದೆ ತಂಟೆ ತಕರಾರು ಮಾಡುವುದಿಲ್ಲ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೊಡೆದುಕೊಟ್ಟರು. ಅಂಚೆಗೆ ಹಾಕಿದ ಮೇಲೆ ಹದಿನೈದು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಆ ವಾರದಲ್ಲೇ ಜೀಪ್ ಬಂತು.

ಎಂಟನೆಯ ಇಯತ್ತೆಗೆ ಗಾಳಿಯ ಒತ್ತಡ ಹೇಳುತ್ತಿದ್ದೆ. ಶಾಲೆಯ ಮುಂದೆಯೇ ಜೀಪ್ ನಿಂತಿತು. ಚರ್ಮದ ಚೀಲ ಹಿಡಿದ ಒಬ್ಬರು ಇಳಿದು, ಟಿ.ವಿ. ಮಾಸ್ತರ ಯಾರು ಎಂದು ವಿಚಾರಿಸಿದರು. ನನ್ನ ಒತ್ತಡವೆಲ್ಲ ಒಮ್ಮೆಲೇ ಇಳಿದುಹೋಯಿತು. ನಾನೇ ಎಂದು ಕೈ ಮುಗಿದು, ಅವರು ಮತ್ತೆ ಬಾಯಿ ತೆರೆಯುವ ಮೊದಲೇ ದೊಡ್ಡ ಕೋಣೆಗೆ ಕರೆದೊಯ್ದು ಎಲ್ಲ ಹೇಳಿಬಿಟ್ಟೆ. ಕೆಂಪು ಚೀಟಿ, ಹಿಂಬದಿ, ತಿರುಗಿಸಿದ್ದು, ಹನ್ನೊಂದು ಕ್ಲೇಮು, ಪರದೇಶದವರ ಜಾಗ, ಯಾವುದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಕಿಸೆಯಿಂದ ಸ್ಕ್ರೂ ತೆಗೆದು ಅವರ ಅಂಗೈಯಲ್ಲಿಟ್ಟೆ.

ಅವರು ಸ್ಕ್ರೂವನ್ನೂ ನನ್ನನ್ನೂ ಸರದಿಯಂತೆ ನೋಡಿದರು. “ನಾ ಗುಲಬರ್ಗಾದಿಂದ ಬಂದೀನ್ರಿ. ಏರಿಯಲ್ ವಾಯರ್ ಬದಲಿ ಮಾಡಾಕ. ಹಿಂದಿಂದು ನಾ ಬಿಚ್ಚಾಂವನೇ ಇರ್ಲಿಲ್ಲ.”

ಅವರು ಇಲಾಖೆಯ ಇಂಜಿನಿಯರ್. ಮದ್ರಾಸಿಗೂ ಅವರಿಗೂ ಸಂಬಂಧವೇ ಇರಲಿಲ್ಲ.

ನನ್ನನ್ನು ನೋಡಿ ಅವರಿಗೇ ಕನಿಕರ ಬಂದಿರಬೇಕು. ಟಿ.ವಿ. ಬಿಚ್ಚಿ ಎರಡೇ ನಿಮಿಷದಲ್ಲಿ ಚಿತ್ರದ ಅಗಲ ಸರಿಮಾಡಿ, ಸ್ಕ್ರೂವನ್ನು ಅದರ ಜಾಗದಲ್ಲಿ ಕೂರಿಸಿದರು. ಇದನ್ನು ಮೇಲಿನವರಿಗೆ ಬರೆಯುವುದಿಲ್ಲ, ಆದರೆ ಬೀಗದ ಕೈ ಇನ್ನು ಹೆಡ್‌ಮಾಸ್ತರರ ಹತ್ತಿರ ಇರಲಿ ಎಂದರು. ನಾನು ಒಪ್ಪಿ ಅವರನ್ನು ಮನೆಗೆ ಊಟಕ್ಕೆ ಕರೆದೆ. ಶಾಂತಾಬಾಯಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವರು ಉಣ್ಣುತ್ತ ಮದ್ರಾಸಿನ ಪತ್ರವನ್ನು ನಾಲ್ಕೂ ಪುಟ ಓದಿದರು. ನಾನು ಅಲ್ಲಿಯವರೆಗೆ ಎರಡೇ ಪುಟ ನೋಡಿದ್ದೆ.

ಇದು ಶಿಕ್ಷೆಯ ಕಾಗದವಲ್ಲ, ಇಂಥ ಆಕ್ಷೇಪಣೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ ಎಂದು ಅವರು ತಿಳಿಸಿದರು. ಒಂದು, ನಾಲ್ಕು, ಒಂಬತ್ತು ಮೂರೂ ಒಂದೇ ಮಾತು, ಒಂದರ ಮೇಲೊಂದು ಬಿದ್ದಿವೆ. ಮೂರನೆಯದರಲ್ಲಿ ನೀವು ಪ್ರಪಂಚದ ಎಲ್ಲರ ಜಾಗವನ್ನೂ ಸುತ್ತುಹಾಕಿದ್ದೀರಿ. ‘ಆಂಟಿಸಿಪೇಟೆಡ್’ ಎಂದರೆ ಇದೇ ಮಾತನ್ನು ಬೇರೆಯವರು ಮೊದಲೇ ಹೇಳಿದ್ದಾರೆ ಎಂದರ್ಥ.

“ಬದಲಾದದ್ದಷ್ಟೇ ಕಳಸೂದು, ಈ ಐಡಿಯಾ ಖರೇ ಅದ ಮಾಸ್ತರ್. ಆದ್ರ ನೀವು ಹುಟ್ಟೂಕಿಂತ ಮೊದ್ಲೇ ಪರದೇಶದಾಗ ಒಬ್ಬ ಬರಸ್ಯಾನ.”

ಜೈಲಿನ ಭಯ ಹೋದ ಜಾಗದಲ್ಲಿ ಬೇರೆ ಏನೋ ಬಂದು ಕುಳಿತಿತು. ಹೆದರಿದ್ದಾಗ ನಾನು ಕನಿಷ್ಠ ದೊಡ್ಡ ಅಪರಾಧಿಯಾಗಿದ್ದೆ. ಈಗ ತಡವಾಗಿ ಬಂದ ಮಾಸ್ತರ, ಅಷ್ಟೇ.

ಅವರು ನಾಲ್ಕನೆಯ ಪುಟಕ್ಕೆ ಬಂದು ಊಟ ನಿಲ್ಲಿಸಿದರು. ಆ ಪುಟವನ್ನು ಎರಡು ಸಲ ಓದಿದರು. “ಆರನೇ ಕ್ಲೇಮಿಗೆ ಆಕ್ಷೇಪಣೆನೇ ಇಲ್ರಿ. ಉಳಿದದ್ದೆಲ್ಲಾ ತಗದು ಇದೊಂದಕ್ಕೇ ಸೀಮಿತ ಮಾಡಿ ಕಳಸ್ರಿ, ವಿಚಾರ ಮಾಡ್ತೀವಿ ಅಂತ ಬರ್ದಾರ. ಆಗಾಗ ಪೂರ್ತಿ ಚಿತ್ರ ಕಳಿಸಿ ತಪ್ಪು ತಿದ್ದೂದು. ನೀವು ಹೇಳ್ದಂಗ ಯಾರೂ ಹೇಳಿಲ್ಲಂತ. ಇದು ನಿಮಗ ಹ್ಯಾಂಗ ಹೊಳೀತು?”

ಶಾಂತಾಬಾಯಿ ಪಲ್ಯದ ಪಾತ್ರೆ ಹಿಡಿದು ನಿಂತಿದ್ದಳು.

“ಅದು ಅವ್ರಿಗಿ ಹೊಳದಿಲ್ಲ,” ಎಂದಳು. “ನಾ ತವರಿಗಿ ಹೋಗ್ತೀನಂತ ಕೇಳಿದ್ದೆ.”

ಇಂಜಿನಿಯರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಅವಳು ತವರಿಗೆ ಬರೆಯುವ ಪತ್ರದ ಕಥೆ ಹೇಳಿದೆ. ಅವರು ನಗಲಿಲ್ಲ. ಕೂಡಲೇ ಉತ್ತರ ಬರೆಯಿರಿ, ಇನ್ನೂ ವಾಯಿದೆ ಇದೆ ಎಂದರು. ಆಗ ಉಳಿದ ಒಂದು ವಿಷಯವನ್ನು ಹೇಳಲೇಬೇಕಾಯಿತು. ನಾನು ಉತ್ತರ ಬರೆದಾಗಿತ್ತು. ಆರನೆಯದೂ ಸೇರಿ ಹನ್ನೊಂದನ್ನೂ ವಾರಸುದಾರರ ಸಮೇತ ಬಿಟ್ಟುಕೊಟ್ಟಾಗಿತ್ತು. ಅವರು ಕೈ ತೊಳೆದು, ಬಹಳ ಹೊತ್ತು ಟವೆಲ್ಲಿನಿಂದ ಒರೆಸಿಕೊಂಡು, ಜೀಪ್ ಹತ್ತಿದರು.

ಮರುದಿನ ಶಾಂತಾಬಾಯಿ ಕುರಕುಂಟಾಕ್ಕೆ ಹೋದಳು. ಈ ಸಲ ನನ್ನ ಅನುಮತಿ ಕೇಳಲಿಲ್ಲ. ಒಂದು ತಿಂಗಳು ನಾನೇ ರೊಟ್ಟಿ ಬಡಿದುಕೊಂಡೆ. ಅವೂ ಕುಗ್ಗಿಯೇ ಬರುತ್ತಿದ್ದವು.

ಅವಳು ತಿರುಗಿ ಬರುವ ಹೊತ್ತಿಗೆ ಮದ್ರಾಸಿನಿಂದ ಇನ್ನೊಂದು ಕಂದು ಲಕೋಟೆ ಬಂತು. ನಾನು ಹೆದರದೆ ಒಡೆದೆ. ಹೆದರಲು ನನ್ನದೆಂದು ಏನೂ ಉಳಿದಿರಲಿಲ್ಲ. ಎರಡೇ ಸಾಲಿನ ಪತ್ರ. ಅರ್ಜಿಯನ್ನು ಹಿಂತೆಗೆದುಕೊಳ್ಳುವ ನಿಮ್ಮ ಪತ್ರವನ್ನು ಸ್ವೀಕರಿಸಲಾಗಿದೆ ಎಂದಿತ್ತು. ಕೆಳಗೆ ಪರೀಕ್ಷಕರ ಸಹಿ.

ನಿಘಂಟು ಬೇಕಾಗಲಿಲ್ಲ. ನಾನು ಬರೆದು ಕಳಿಸಿದ್ದರಲ್ಲಿ ಅವರು ಒಂದೂ ಆಕ್ಷೇಪಣೆಯಿಲ್ಲದೆ ಪೂರ್ತಿ ಒಪ್ಪಿಕೊಂಡದ್ದು ಅದೊಂದನ್ನೇ.