ಬೈಗುಳಕ್ಕೊಂದು ರೊಟ್ಟಿ

ಮುಂಡರಗಿಯಿಂದ ಗದಗಿನ ತನಕ ಮೂವತ್ತೆಂಟು ಕಿಲೋಮೀಟರ್ ನಡೀತೀನಿ ಅಂತ ನಾನು ಸಹಿ ಮಾಡಿದ್ದು ಸಮಾಜಸೇವಾದ ಹುಮ್ಮಸ್ಸಿನ್ಯಾಗ ಅಲ್ರಿ, ಶುದ್ಧ ಸಿಟ್ಟಿನ್ಯಾಗ. ಇದನ್ನ ಮೊದಲ ಹೇಳಿಬಿಡ್ತೀನಿ. ಓಣ್ಯಾಗ ಈಗ ಎಲ್ಲಾರೂ ನನ್ನ ಭಾಳ ದೊಡ್ಡ ಮನಸ್ಸಿನಾಕಿ ಅಂತ ತಿಳಕೊಂಡಾರ, ನನಗ ನೀರು ತರಾಕ ಹೋಗೋದ ಕಷ್ಟ ಆಗೈತಿ.

ಆಗಿದ್ದು ಇಷ್ಟು. ನಮ್ಮನಿಯವ್ರ ಅಕ್ಕ ಮಂಜವ್ವಗ ಎದಿ ಕ್ಯಾನ್ಸರ್ ಆಗಿ ಗದಗಿನ ಒಂದು ದವಾಖಾನ್ಯಾಗ ಆಪರೇಶನ್ ಆಗಿತ್ತು. ಮಂಜವ್ವ ಅಂದ್ರ ನಿಮಗ ಗೊತ್ತಿಲ್ಲ. ತನ್ನೂರು ಹಮ್ಮಿಗಿಯೊಳಗ ಆಕಿ ತನ್ನ ಎಮ್ಮಿಗೆ ಬೈದ್ರ, ಹೊಳಿ ಆಚಿ ದಂಡಿಯವರು ತಮ್ಮನ್ನ ಯಾರೋ ಕರದ್ರು ಅಂತ ‘ಓ’ ಅಂತಿದ್ರು. ಅಂಥಾಕಿ ಆಪರೇಶನ್ ಆದ ಮ್ಯಾಲ ಮೂರು ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ಲು. ಮಾತಿಲ್ಲ, ಕತಿಯಿಲ್ಲ, ಗಂಜಿ ಚಮಚ ಹಿಡದ್ರ ಬಾಯಿ ತಗೀವಲ್ಲಳು. ಇಪ್ಪತ್ತೆರಡು ವರ್ಷ ಆಕಿ ಬಾಯಿಗೆ ಹೆದರಿ ಬಾಳೇ ಮಾಡಿದ ನನಗ, ಆ ಬಾಯಿ ಸುಮ್ನಾದಾಗ ಇನ್ನೂ ಹೆದರಿಕಿ ಆತು.

ನಾಕನೇ ದಿನ ಬಾಜೂ ಕಾಟಿನ ಹುಡುಗಿಯ ತಾಯಿ ರಸೂಲಬಿ ಒಂದು ಪಟ್ಟಿ ಹಿಡಕೊಂಡು ಬಂದ್ರು. ಪೇಷಂಟ್ ಜೋಡಿ ಬಂದವರು ವರಾಂಡದಾಗ ಚಾಪಿ ಹಾಸಿ ಮಲಗ್ತಾರಲ್ಲ, ಅವರಿಗೊಂದು ಛಲೋ ವಸತಿ ಕಟ್ಟಬೇಕು ಅಂತ ಗದಗಿನ ಒಂದಿಷ್ಟು ಹೆಣ್ಮಕ್ಕಳು ರೊಕ್ಕ ಕೂಡಸಾಕ ಪಾದಯಾತ್ರಾ ಇಟ್ಟಾರಂತ. ಸಂಕ್ರಮಣ ಆದ ಮ್ಯಾಲ, ಒಬ್ಬೊಬ್ಬ ಪೇಷಂಟಿನ ಹೆಸರಿನ್ಯಾಗ ಮನಿಯವರು ಒಬ್ಬರು ನಡೀಬೇಕಂತ.

“ಶಿವಲಕ್ಷ್ಮಿಬಾಯಿ, ನಿಮ್ಮ ನಾದಿನಿ ಸಲುವಾಗಿ ನೀವು ನಡೀತೀರೇನ್ರಿ?” ಅಂತ ಕೇಳಿದ್ರು.

ನಾನು ಸೊಂಟನೋವು, ಮನಿಗೆಲಸ ಅಂತ ಪೀಠಿಕಿ ಹಾಕಾಕ ಬಾಯಿ ತಗಿಯೂದ್ರಾಗ, ಗ್ವಾಡಿ ಕಡಿಂದ ದನಿ ಬಂತು.

“ಇಕಿ ನಡೀತಾಳೇನು? ಹಿಟ್ಟಿನ ಗಿರಣಿ ನಾಕು ಮನಿ ಆಚಿ ಐತಿ. ಅಲ್ಲಿಗೆ ಗಂಡನ ಗಾಡಿ ಮ್ಯಾಲ ಹೋಗ್ತಾಳ!”

ಮೂರು ದಿನ ಆದ ಮ್ಯಾಲ ಆಡಿದ ಮೊದಲನೇ ಮಾತು ಅದು. ನಾನು ರಸೂಲಬಿ ಕೈಯಾಗಿನ ಪೆನ್ ಕಸಗೊಂಡು ಸಹಿ ಹೊಡದೆ.

ದವಾಖಾನಿಯಿಂದ ಮಂಜಕ್ಕಾರನ್ನ ಮುಂಡರಗಿಗೆ ನಮ್ಮನಿಗೇ ಕರಕೊಂಡು ಬಂದ್ವಿ. ಕಿಮೋ ಚಾಲೂ ಆತು. ಕೂದಲಾ ಉದರಿದ್ವು, ತಲಿಗೆ ಅರಿವಿ ಕಟ್ಟಿದ್ಲು. ಊಟ ಮಾತ್ರ ಸೇರವಲ್ದು. “ತೂಕ ಇನ್ನೂ ಇಳದ್ರ ಮುಂದಿನ ಡೋಸ್ ಕೊಡಾಕ ಬರಂಗಿಲ್ಲ” ಅಂತ ಡಾಕ್ಟರು ಹೇಳಿ ಕಳಿಸಿದ್ರು. ನಾನು ಸಜ್ಜಕ ಮಾಡಿದೆ, ಹಾಲುಗಂಜಿ ಮಾಡಿದೆ, ನುಚ್ಚು ಮಜ್ಜಿಗಿ ಮಾಡಿದೆ. ಎಲ್ಲಾ ಮುಟ್ಟದ ತಾಟಿನ್ಯಾಗ ಹೋದಂಗ ವಾಪಸ್ ಬಂದ್ವು. (ವಾಪಸ್ ಬಂದದ್ದು ಚೆಲ್ಲಬಾರದು ಅಂತ ನಾನ ಉಂಡೆ. ಇದು ಮುಂದ ತೊಂದರಿ ಆತು.)

ಇತ್ತ ನನ್ನ ನಡಿಗಿ ತಯಾರಿಗೆ ಮುಹೂರ್ತ ಕೂಡಿ ಬಂತು. ನಮ್ಮನಿಯವ್ರು ಈಶಪ್ಪ, ಬಸ್‌ಸ್ಟ್ಯಾಂಡ್ ಹತ್ರ ಟೇಲರ್. ಶಾಲಿ ಯೂನಿಫಾರ್ಮಿನ ಉಳಿದ ನೀಲಿ ಬಟ್ಟಿಯೊಳಗ ನನಗೊಂದು ಸಲವಾರ ಕಮೀಜ ಹೊಲದ್ರು, ಆರು ಕಿಸೆ ಇಟ್ಟು. “ನೀರಿಗೊಂದು, ಫೋನಿಗೊಂದು, ಶೇಂಗಾಕ್ಕೊಂದು” ಅಂದ್ರು. ಉಳಿದ ಮೂರು ಯಾಕ ಅಂತ ಕೇಳಿದ್ರ, “ಶೇಂಗಾ ಸಾಲದಿದ್ರ” ಅಂದ್ರು. ಏಳನೇ ಇಯತ್ತಾ ಶಾಲಿ ಹುಡುಗಿಯಂಗ ವೇಷ ಹಾಕ್ಕೊಂಡು ಮುಂಜಾನಿ ಆರಕ್ಕ ಮನಿ ಬಿಟ್ಟೆ. ಗುಡ್ಡದ ಮ್ಯಾಲಿನ ಗಾಳಿ ಪಂಖಾ ನೋಡ್ಕೋತ ಎರಡು ಕಿಲೋಮೀಟರ್ ನಡದೆ. ಆಮ್ಯಾಲ ಪಂಖಾ ತಿರಗೂದು ನಿಂತು ನನ್ನ ತಲಿ ತಿರಗಾಕ ಚಾಲೂ ಆತು. ಅಷ್ಟೊತ್ತಿಗೆ ನಮ್ಮ ಓಣಿ ಅತಾವುಲ್ಲಾ ಚಾಚಾನ ಟಂಟಂ ಆಟೋ ಬಂತು. ಹತ್ತಿದೆ. ಓಣಿ ತಿರುವಿನ್ಯಾಗ ಇಳಿದು ನಡದು ಬಂದಂಗ ಬರಬೇಕು ಅಂತ ನನ್ನ ಯೋಜನಾ. ಆ ಪುಣ್ಯಾತ್ಮ ಹಾರ್ನ್ ಹೊಡಕೋತ ನೇರ ನಮ್ಮ ಕಟ್ಟಿ ಮುಂದ ತಂದು ಇಳಿಸಿದ.

ಕಟ್ಟಿ ಮ್ಯಾಲ ಮಂಜಕ್ಕಾರು ಬಿಸಲು ಕಾಯ್ಕೋತ ಕುಂತಿದ್ಲು.

“ಶಿವಲಕ್ಷ್ಮೀ, ನಡ್ಯಾಕ ಹೋದಾಕಿ ಗಾಡ್ಯಾಗ ಯಾಕ ಬಂದಿ?”

“ಕಾಲು ನೋಯ್ತಾವ್ರಿ ಅಕ್ಕಾರ.”

“ಕಾಲು ನೋಯದ ಮತ್ತೇನು ಕಿವಿ ನೋಯ್ತಾವ? ನಡದ್ರ ಕಾಲ ನೋಯೂದು! ನನ್ನ ಹೆಸರು ಬರಸಿ ಊರ ಮುಂದ ನನ್ನ ಮಾನಾ ಕಳೀತಿಯಲ್ಲ...”

ಹಿಂಗ ಚಾಲೂ ಆದ ಪ್ರವಚನ ಕಾಲು ತಾಸು ನಡೀತು. ನನ್ನ ನಡಿಗಿ, ನನ್ನ ಸೋಮಾರಿತನ, ನನ್ನ ತವರುಮನಿ ಲಕ್ಷ್ಮೇಶ್ವರ, ಲಕ್ಷ್ಮೇಶ್ವರದ ನೀರು, ಒಂದನ್ನೂ ಬಿಡಲಿಲ್ಲ. ಕಡೀಕ ದಣದು, “ಹಿಡಿಯಷ್ಟು ಏನರ ಕೊಡು, ಬಾಯಿ ಒಣಗಿತು” ಅಂದ್ಲು.

ನಾನು ಓಡಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟೆ. ಬೈಕೋತ ಬೈಕೋತ ಅರ್ಧ ರೊಟ್ಟಿ ತಿಂದ್ಲು! ಕದದ ಸಂದ್ಯಾಗ ನಿಂತು ನೋಡ್ತಿದ್ದ ನಮ್ಮನಿಯವ್ರು ಬಾಯಾಗಿನ ಗುಂಡುಸೂಜಿ ನುಂಗೂದೊಂದು ಬಾಕಿ.

“ಲೇ, ಬೈದ್ರ ಉಣ್ತಾಳ ಅಕ್ಕ!” ಅಂತ ಪಿಸುಗುಟ್ಟಿದ್ರು.

ಅವತ್ತಿನಿಂದ ನಮ್ಮನ್ಯಾಗ ದಿನಾ ಮುಂಜಾನಿ ಗುಪ್ತ ಮಂತ್ರಾಲೋಚನಾ ಶುರು ಆತು.

“ಇವತ್ತ ಏನು ತಪ್ಪು ಮಾಡ್ತಿ?”

“ಎಡಗಾಲಿಗೆ ನಿಮ್ಮ ಚಪ್ಪಲಿ, ಬಲಗಾಲಿಗೆ ನಂದು.”

“ಅದಕ್ಕ ಒಂದು ರೊಟ್ಟಿ ಬರ್ತೈತೇನು?”

“ಒಂದೂವರಿ ಬರ್ತೈತ್ರಿ. ಬೇಕಾದ್ರ ನೋಡ್ರಿ.”

ಖರೇನ ಬಂತು. ಕೈ ಬೀಸದ ನಡದದ್ದಕ್ಕ ಒಂದು ರೊಟ್ಟಿ. ಅರ್ಧ ದಾರ್ಯಾಗ ಮಿರ್ಚಿ ತಿಂದದ್ದಕ್ಕ ರೊಟ್ಟಿ, ಮ್ಯಾಲ ಅನ್ನ. ಒಂದಿನಾ ಮಾತ್ರ ಘಾತ ಆತು. ತಂಪು ಹವಾ ಇತ್ತು, ಏನೋ ಖುಷಿಯೊಳಗ ಮೈಮರತು ಐದು ಕಿಲೋಮೀಟರ್ ನೆಟ್ಟಗ ನಡದು, ನೆಟ್ಟಗ ವಾಪಸ್ ಬಂದುಬಿಟ್ಟೆ. ಮಂಜಕ್ಕಾರು ಮ್ಯಾಲಿಂದ ಕೆಳಗ ನೋಡಿದ್ಲು. “ಛಲೋ ಆತು” ಅಂದ್ಲು. ಒಳಗ ಹೋಗಿ ಮಲಗಿದ್ಲು. ಊಟ ಇಲ್ಲ!

ನಮ್ಮನಿಯವ್ರು ನನ್ನ ಮ್ಯಾಲ ಹರಿಹಾಯ್ದ್ರು. “ನಿನಗ ಯಾರು ಸರಿಯಾಗಿ ನಡಿ ಅಂದ್ರು? ಸ್ವಲ್ಪರ ಜವಾಬ್ದಾರಿ ಬ್ಯಾಡೇನು?”

“ತಪ್ಪಾತ್ರಿ, ಇನ್ನೊಮ್ಮೆ ಹಿಂಗ ಮಾಡಂಗಿಲ್ಲ” ಅಂತ ಕೈ ಮುಗದೆ.

ದಿನಾ ಕಳದಂಗ ಮಂಜಕ್ಕಾರು ಕಟ್ಟಿ ಬಿಟ್ಟು ಕೆಳಗ ಇಳಿದ್ಲು. “ಹಂಗಲ್ಲ, ಹಿಂಗ!” ಅಂತ ಅಂಗಳದಾಗ ಹತ್ತು ಹೆಜ್ಜಿ ನಡದು ತೋರಿಸಿದ್ಲು. ಮರುವಾರ ಓಣಿ ತುದಿ ತನಕ ತೋರಿಸಿದ್ಲು. ಮುಂದಿನ ಡೋಸಿಗೆ ಹೋದಾಗ ಡಾಕ್ಟರು ತೂಕ ನೋಡಿ, “ಎರಡು ಕಿಲೋ ಏರೈತಿ, ಶಾಬಾಸ್!” ಅಂದ್ರು. ಅದ ತಕ್ಕಡಿ ಮ್ಯಾಲ ನಾನೂ ಸುಮ್ನ ನಿಂತೆ. ನಾಕು ಕಿಲೋ ಏರಿತ್ತು. ನನಗ ಯಾರೂ ಶಾಬಾಸ್ ಅನ್ನಲಿಲ್ಲ.

ಪಾದಯಾತ್ರಾದ ದಿನಾ ಬಂದ ಬಂತು. ನನ್ನ ಬೆನ್ನಿಗೆ ‘ಮಂಜವ್ವನ ಸಲುವಾಗಿ’ ಅಂತ ಚೀಟಿ ಚುಚ್ಚಿದ್ರು. ತಲಿಗೆ ಬಿಸಿಲು ಹತ್ತಬಾರದು ಅಂತ ಟವೆಲ್ ಸುತ್ತಿಕೊಂಡೆ. ಅರವತ್ತು ಮಂದಿ ಹೊಂಟ್ವಿ. ಹಿಂದ ಅತಾವುಲ್ಲಾ ಚಾಚಾನ ಟಂಟಂದಾಗ ದಿಂಬಿಗೆ ಒರಗಿ ಕುಂತು ಮಂಜಕ್ಕಾರು, ಬಾಜೂಕ ನಮ್ಮನಿಯವ್ರು. “ಕೈ ಬೀಸು! ಮುಂದ ನೋಡು!” ಅಂತ ಆಜ್ಞಾ ಬರ್ತಾನ ಇದ್ವು. ಮೂರು ತಾಸು ಆಗೂದ್ರಾಗ ಮುಂದ ನೋಡಾಕ ಯಾರೂ ಉಳಿದಿರಲಿಲ್ಲ, ಎಲ್ಲಾರೂ ಹೋಗಿಬಿಟ್ಟಿದ್ರು. ಡಂಬಳ ದಾಟಿದ್ದಷ್ಟ ಗೊತ್ತು. ಒಂದು ಬೇವಿನ ಗಿಡದ ಬುಡಕ್ಕ ಕುಸದು ಕುಂತೆ. ಪಾದ ತುಂಬ ಬೊಬ್ಬಿ.

ಮಂಜಕ್ಕಾರು ಸಾವಕಾಶ ಇಳಿದು ಬಂದು ಬಾಜೂಕ ಕುಂತ್ಲು. ಈಗ ಬೈತಾಳ ಅಂತ ನಾನು ತಲಿ ಬಗ್ಗಿಸಿದೆ. ಬೈಲಿಲ್ಲ. ಅದಕ್ಕ ನನಗ ಅಳು ಬಂತು.

“ನಾ ತಯಾರಿನ ಮಾಡಿಲ್ರಿ ಅಕ್ಕಾರ. ಬೇಕಂತ ತಪ್ಪು ಮಾಡ್ತಿದ್ದೆ. ಬೈದ್ರ ನೀವು ಉಣ್ತೀರಿ ಅಂತ.”

“ಗೊತ್ತೈತಿ.”

“ಯಾವಾಗಿಂದ?”

“ಗಂಡಂದೊಂದು ತಂದೊಂದು ಚಪ್ಪಲಿ ಯಾವ ಶಾಣ್ಯಾಕಿ ಹಾಕ್ಕೋತಾಳ?”

“ಮತ್ತ ಯಾಕ ಉಂಡ್ರಿ?”

ಆಕಿ ರಸ್ತಾ ಕಡೆ ನೋಡ್ಕೋತ ಹೇಳಿದ್ಲು. “ಬಾಯಾಗ ಮಣ್ಣು ಹಾಕ್ಕೊಂಡಂಗ ಆಗ್ತಿತ್ತು. ಆದ್ರ ಕದದ ಸಂದ್ಯಾಗ ನೀವಿಬ್ಬರೂ ಇಣುಕಿ ನೋಡ್ತಿದ್ರಲ್ಲ, ಆ ಮಾರಿ ನೋಡಿ ತಾಟು ಸರಸಾಕ ಮನಸ್ಸು ಆಗ್ತಿರಲಿಲ್ಲ.”

(ಅಂದ್ರ ಆ ಎರಡು ತಿಂಗಳು ನಮ್ಮನ್ಯಾಗ ಖರೇನ ಹಸಿವಿ ಇದ್ದದ್ದು ನನಗ ಒಬ್ಬಾಕಿಗೇ.)

“ಏಳು, ಗಾಡಿ ಹತ್ತು. ಆ ಚೀಟಿ ಇಲ್ಲೆ ಕೊಡು” ಅಂದ್ಲು. “ನೀ ಅರ್ಧ ನಡದಿ. ಕಡೀದು ನಂದು.”

ಗದಗಿನ್ಯಾಗ ಮೈದಾನದ ಕಮಾನಿನ ಹತ್ರ ಟಂಟಂ ನಿಂತಾಗ, ನಮ್ಮನಿಯವ್ರು ಹಿಡ್ಯಾಕ ಕೈ ಚಾಚಿದ್ರು. “ಬಿಡೋ ಈಶ್ಯಾ, ನಾ ಏನು ಕೂಸೇನು?” ಅಂತ ಝಾಡಿಸಿ ಇಳಿದ್ಲು. ಚೀಟಿ ಚುಚ್ಚಿಸಿಕೊಂಡ್ಲು, ಸೆರಗು ಸಿಕ್ಕಿಸಿದ್ಲು, ಕಮಾನಿನಿಂದ ಪೆಂಡಾಲ್ ತನಕ ಇನ್ನೂರು ಹೆಜ್ಜಿ, ಒಂದೊಂದ ಹೆಜ್ಜಿ ಲೆಕ್ಕ ಹಾಕಿದಂಗ, ಕೈ ಬೀಸಿ, ಮುಂದ ನೋಡಿ ನಡದ್ಲು. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ನನಗ ಕಣ್ಣು ಮಂಜಾಗಿ ಕಡೀ ಹೆಜ್ಜಿ ಕಾಣಲಿಲ್ಲ.

ಇತ್ತ ನನ್ನ ಕಾಲು ಕಟಗಿ ಆಗಿದ್ವು. ಟವೆಲ್ ಸುತ್ತಿದ ತಲಿ, ಅತ್ತು ಬಾತ ಮಾರಿ. ಅತಾವುಲ್ಲಾ ಚಾಚಾ ನನ್ನ ಅನಾಮತ್ತಾಗಿ ಎತ್ತಿ ಇಳಿಸಿದ್ದ ತಡ, ಸೇವಾಕ್ಕ ನಿಂತಿದ್ದ ಬಿಳಿ ಸೀರಿಯ ಇಬ್ಬರು ಹೆಣ್ಮಕ್ಕಳು ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದ್ರು. “ಸಾವಕಾಶ್ರಿ, ಸಾವಕಾಶ” ಅಂತ ಕುಂದ್ರಿಸಿ, ಮೊಣಕಾಲಿಗೆ ಶಾಲು ಹೊಚ್ಚಿ, ಕೈಯಾಗ ಎಳನೀರು ಕೊಟ್ರು. ನಾನು ಪೇಷಂಟ್ ಅಲ್ರಿ ಅಂತ ಹೇಳಾಕ ನಮ್ಮನಿಯವ್ರನ್ನ ಹುಡುಕಿದೆ. ಅವರು ಮುಂದಿನ ಸಾಲಿನ್ಯಾಗ ನಿಂತು, ಅಕ್ಕನ್ನ ನೋಡಿ ಗಳಗಳ ಅಳಾಕತ್ತಿದ್ರು.

ಆಕಿ ಬೆನ್ನಿನ ಚೀಟಿ ನೋಡಿ, ಪಟ್ಟಿಯೊಳಗ ಹೆಸರು ಹುಡುಕಿ, ಮೈಕಿನ್ಯಾಗ “ಮುಂಡರಗಿಯಿಂದ ನಡೆದು ಬಂದ ಶ್ರೀಮತಿ ಶಿವಲಕ್ಷ್ಮಿ ಈಶಪ್ಪ ಅವರು” ಅಂತ ಕೂಗಿದ್ರು. ಮಂಜಕ್ಕಾರು ಸ್ಟೇಜ್ ಹತ್ತಿ ಹಾರ ಹಾಕಿಸಿಕೊಂಡ್ಲು. ಮ್ಯಾಲ ಮೈಕ್ ಕೇಳಿ ಇಸ್ಕೊಂಡು, ದಾರ್ಯಾಗ ಗಿಡದ ನೆರಳಿಗೆ ಕುಂತವರಿಗೆಲ್ಲಾ ಸರಿಯಾಗಿ ಬೈದ್ಲು.

ಬಾಜೂಕ ನಿಂತ ಬಿಳಿ ಸೀರ್ಯಾಕಿ ನನ್ನ ತಲಿ ಸವರಿದ್ಲು. “ಧೈರ್ಯ ಬಿಡಬ್ಯಾಡ್ರಿ ಅವ್ವಾರ. ನೋಡ್ರಿ, ನಿಮ್ಮ ಸಲುವಾಗಿ ಆಕಿ ಅಲ್ಲಿಂದ ಇಲ್ಲೀತನಕ ನಡದಾಳ. ಎಷ್ಟು ಡೋಸ್ ಉಳದಾವ್ರಿ ಇನ್ನ?”

“ಎರಡ ಉಳದಾವ್ರಿ” ಅಂದೆ, ಎಳನೀರಿನ ಕೊಳವಿ ಬಾಯಾಗಿಂದ ತಗೀಲಾರದ.